ಹಚ್ಚೆ ತೆಗೆಸೋದಾ, ಮುಚ್ಚಿಸೋದಾ? ಮೊದಲು ಪಂಚಾಂಗ ಪಕ್ಕಕ್ಕಿಡಿ

ಮದುವೆಗೆ ಇನ್ನು ಎರಡು ತಿಂಗಳು ಇದೆ ಅನ್ನುವಾಗ ನಮ್ಮ ಹುಡುಗರಿಗೆ ಕೈ ಮೇಲಿನ ಹೆಸರು ನೆನಪಾಗುತ್ತದೆ. ಅಷ್ಟು ವರ್ಷ ಅದು ಅಲ್ಲೇ ಇತ್ತು. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಛತ್ರ ಬುಕ್ ಆಗಿ, ಅರಿಶಿನ ಶಾಸ್ತ್ರದ ದಿನ ಬರೀ ಬನಿಯನ್‌ನಲ್ಲಿ ನೆಂಟರ ಮುಂದೆ ಕೂರಬೇಕು ಅಂತ ಹೊಳೆದ ಕೂಡಲೇ ಗೂಗಲ್ ಶುರು. ತೆಗೆಸೋದಾ, ಮುಚ್ಚಿಸೋದಾ?

ಈ ವರ್ಷ ನಮ್ಮ ಮನೆಯಲ್ಲೂ ಇದೇ ಆಯಿತು. ಚಿಕ್ಕಪ್ಪನ ಮಗ. ಎಡಗೈ ಒಳಭಾಗದಲ್ಲಿ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಒಂದು ಹುಡುಗಿ ಹೆಸರು. ಪಕ್ಕದಲ್ಲಿ ಪುಟ್ಟ ಕೆಂಪು ಹಾರ್ಟ್. ಡಿಗ್ರಿ ಓದುವಾಗ ಜಾತ್ರೆಯಲ್ಲಿ, ಬ್ಯಾಟರಿ ಮೆಷಿನ್ ಇಟ್ಟುಕೊಂಡು ಕೂತವರ ಹತ್ತಿರ ಹಾಕಿಸಿಕೊಂಡದ್ದು. ಹೆಸರಿನ ಕೊನೆಯಲ್ಲಿ ಇರುವ ದೀರ್ಘ ಸ್ವಲ್ಪ ಜಾಸ್ತಿಯೇ ದೀರ್ಘವಾಗಿ ಮೊಣಕೈ ಕಡೆ ಓಡಿಹೋಗಿದೆ. ಹುಡುಗಿ ಹೆಸರು ಲಕ್ಷ್ಮಿ ಅಂತೇನಾದರೂ ಇದ್ದಿದ್ದರೆ ಬಚಾವ್. ಕೆಳಗೊಂದು ಕಮಲ ಬರೆಸಿ ಮನೆದೇವರು ಅಂದುಬಿಡಬಹುದಿತ್ತು. ಇವನದ್ದು ಆ ಅದೃಷ್ಟವೂ ಇಲ್ಲ.

ಅವನ ಜೊತೆ ಟ್ಯಾಟೂ ಸ್ಟುಡಿಯೋಗಳಿಗೂ ಹೋದೆ, ಚರ್ಮದ ಡಾಕ್ಟರ್ ಹತ್ತಿರವೂ ಹೋದೆ. ಅವನು ಹೊರಗೆ ಫೋನಿನಲ್ಲಿದ್ದಾಗ ಡಾಕ್ಟರ್ ತಲೆ ತಿಂದದ್ದು ನಾನೇ. ಮನೆಗೆ ಬಂದು ಓದಿಕೊಂಡದ್ದೂ ನಾನೇ. ಆ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ. ಮುಹೂರ್ತ ನೋಡಿಕೊಂಡು ಹಚ್ಚೆಯ ವಿಷಯ ತೀರ್ಮಾನ ಮಾಡಬೇಡಿ. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೇಸರ್ ಅಂದರೆ ರಬ್ಬರ್ ಹಾಕಿ ಉಜ್ಜಿದ ಹಾಗೆ ಅಳಿಸಿಬಿಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಹಚ್ಚೆಯ ಬಣ್ಣ ಇರುವುದು ಚರ್ಮದ ಮೇಲಿನ ಪದರದಲ್ಲಿ ಅಲ್ಲ, ಅದರ ಕೆಳಗಿನ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ನಮ್ಮ ದೇಹದ ಕಾವಲು ಕಣಗಳು ಆ ಬಣ್ಣವನ್ನು ಹೊರಗಿನಿಂದ ಬಂದ ಕಸ ಅಂತ ನುಂಗಿ ಕೂತಿರುತ್ತವೆ. ಜೀರ್ಣ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲ, ಸುಮ್ನೆ ಇಟ್ಟುಕೊಂಡಿರುತ್ತವೆ. ಫ್ರಾನ್ಸಿನ ಮಾರ್ಸೇ ಊರಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಮಾಡಿ ತೋರಿಸಿದ ಪ್ರಯೋಗ ಒಂದಿದೆ. ಒಂದು ಕಣ ಸತ್ತರೆ ಅದು ಬಿಟ್ಟ ಬಣ್ಣವನ್ನು ಪಕ್ಕದಲ್ಲಿ ಬಂದ ಹೊಸ ಕಣ ಎತ್ತಿಕೊಳ್ಳುತ್ತದಂತೆ. ಕಣ ಹೋಗುತ್ತದೆ, ಬಣ್ಣ ಅಲ್ಲೇ ಇರುತ್ತದೆ. ಹಚ್ಚೆ ಜೀವಮಾನ ಪೂರ್ತಿ ಉಳಿಯುವ ಗುಟ್ಟು ಇದು.

ಲೇಸರ್ ಮಾಡುವುದು ಆ ಬಣ್ಣದ ಗಡ್ಡೆಯನ್ನು ಒಡೆಯುವ ಕೆಲಸ ಮಾತ್ರ. ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟು ಹೊತ್ತು ಬೆಳಕು ಬೀಳುತ್ತದೆ. ಬಣ್ಣ ಅಷ್ಟರಲ್ಲೇ ಕಾದು ಚೂರಾಗುತ್ತದೆ. ಚೂರುಗಳನ್ನು ಸಾಗಿಸುವುದು ದೇಹದ್ದೇ ಕೆಲಸ. ಅದು ತನ್ನ ಪಾಡಿಗೆ ನಿಧಾನವಾಗಿ ಮಾಡುತ್ತದೆ. ಅದಕ್ಕೇ ಒಂದು ಸಿಟ್ಟಿಂಗ್‌ಗೂ ಇನ್ನೊಂದಕ್ಕೂ ಮಧ್ಯೆ 6ರಿಂದ 8 ವಾರ ಬಿಡುತ್ತಾರೆ. ಹಚ್ಚೆ ನೋಡಿಕೊಂಡು ಐದಾರು ಸಿಟ್ಟಿಂಗ್ ಬೇಕಾಗಬಹುದು, ಹತ್ತು ದಾಟಲೂಬಹುದು. ಈಗ ಲೆಕ್ಕ ಹಾಕಿ. ಎರಡು ತಿಂಗಳಲ್ಲಿ ಮದುವೆ ಇರುವವನಿಗೆ ಸಿಗುವುದು ಒಂದು ಸಿಟ್ಟಿಂಗ್, ಹೆಚ್ಚೆಂದರೆ ಎರಡು. ಅಷ್ಟಕ್ಕೆ ಹೆಸರು ಅಳಿಯುವುದಿಲ್ಲ, ಮಸುಕಾಗಿ ಗಾಯದ ಹಾಗೆ ಕಾಣುತ್ತದೆ. ಅರಿಶಿನದ ದಿನ ನೆಂಟರೆಲ್ಲ "ಇದೇನಪ್ಪ ಕೈಗೆ?" ಅಂತ ಹಿಡಿದು ನೋಡುವುದಂತೂ ಖಾತ್ರಿ.

ನಮ್ಮ ಹುಡುಗನ ಮೊದಲ ಸಿಟ್ಟಿಂಗ್‌ನಲ್ಲಿ ನಾನು ಒಳಗೇ ಇದ್ದೆ. ಎಲ್ಲರ ಕಣ್ಣಿಗೂ ದಪ್ಪ ಕನ್ನಡಕ. ತಣ್ಣನೆ ಗಾಳಿ ಊದುವ ಪೈಪ್ ಒಂದು ಕಡೆ. ಟಕ್ ಟಕ್ ಟಕ್ ಅಂತ ಸದ್ದು, ಕೂದಲು ಸುಟ್ಟ ವಾಸನೆ. ಬಿಸಿ ರಬ್ಬರ್ ಬ್ಯಾಂಡ್ ಎಳೆದು ಹೊಡೆದ ಹಾಗೆ ಅಂತ ಎಲ್ಲರೂ ಹೇಳುವ ಮಾತನ್ನೇ ಅವನೂ ಹೇಳಿದ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಬೆಳಕು ಬಿದ್ದ ಕಡೆಯೆಲ್ಲ ಅಕ್ಷರ ಆ ಕ್ಷಣವೇ ಬೆಳ್ಳಗೆ ಉಬ್ಬಿಕೊಂಡಿತು. ಡಾಕ್ಟರುಗಳು ಅದಕ್ಕೆ ಫ್ರಾಸ್ಟಿಂಗ್ ಅನ್ನುತ್ತಾರೆ. ಒಳಗೆ ಹುಟ್ಟಿದ ಸಣ್ಣ ಸಣ್ಣ ಗಾಳಿಗುಳ್ಳೆ ಅದು, ಕಾಲು ಗಂಟೆಯಲ್ಲಿ ಇಳಿದುಹೋಗುತ್ತದೆ. ಆದರೆ ಅಷ್ಟು ಹೊತ್ತು ಆ ಹೆಸರು ಅಷ್ಟು ವರ್ಷದಲ್ಲಿ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ, ಕಪ್ಪು ಹಲಗೆ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಂತೆ ಕೈ ಮೇಲೆ ಎದ್ದು ನಿಂತಿತ್ತು. ಅವನು ಮುಖ ಆ ಕಡೆ ತಿರುಗಿಸಿಕೊಂಡಿದ್ದ. ನೋವಿಗೋ ಬೇರೆ ಯಾತಕ್ಕೋ ನಾನು ಕೇಳಲಿಲ್ಲ.

ಅಸಲಿ ಭಯ ಇರುವುದೂ ಬಿಳಿಯಲ್ಲೇ, ಆದರೆ ಈ ಗಾಳಿಗುಳ್ಳೆಯ ಬಿಳಿಯಲ್ಲಿ ಅಲ್ಲ. ನಮ್ಮದು ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಮ್ಮಲ್ಲಿ ಜಾಸ್ತಿ. ಲೇಸರ್ ಹಚ್ಚೆಯ ಬಣ್ಣವನ್ನು ಹುಡುಕಿಕೊಂಡು ಹೋಗುವಾಗ ದಾರಿಯಲ್ಲಿ ನಮ್ಮ ಚರ್ಮದ ಬಣ್ಣಕ್ಕೂ ಪೆಟ್ಟು ಬೀಳಬಹುದು. ಆಗ ಆ ಜಾಗ ಬೆಳ್ಳಗಾಗುತ್ತದೆ, ಇಲ್ಲವೇ ಇನ್ನೂ ಕಪ್ಪಾಗುತ್ತದೆ. ಹಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ಅಂದರೆ ಕಪ್ಪು ಹೆಸರು ಹೋಗಿ ಅದೇ ಹೆಸರು ಬಿಳಿಯಲ್ಲಿ ಓದಲು ಸಿಗುತ್ತದೆ. ದುಡ್ಡು ಕೊಟ್ಟು ಇಂಗು ತಿಂದ ಮಂಗ ಆಗುವುದು ಹೀಗೇ.

ಆದ್ದರಿಂದ ಕ್ಲಿನಿಕ್‌ನಲ್ಲಿ ರೇಟ್ ಕೇಳುವ ಮೊದಲು ಮೆಷಿನ್ ಯಾವುದು ಅಂತ ಕೇಳಿ. ನಮ್ಮ ಚರ್ಮಕ್ಕೆ ಸಾಮಾನ್ಯವಾಗಿ ಬಳಸುವುದು ಎನ್‌ಡಿ-ಯಾಗ್ ಅನ್ನುವ ಲೇಸರ್, ಬೆಳಕಿನ ತರಂಗದ ಉದ್ದ 1064 ನ್ಯಾನೋಮೀಟರ್. ಅದು ಮೆಲನಿನ್‌ಗೆ ಕಡಿಮೆ ತಾಗುತ್ತದೆ, ಆಳಕ್ಕೆ ಇಳಿಯುತ್ತದೆ, ಕಪ್ಪು ಬಣ್ಣವನ್ನು ಚೆನ್ನಾಗಿ ಒಡೆಯುತ್ತದೆ. ಕೆಂಪು ಬಣ್ಣಕ್ಕೆ 532 ನ್ಯಾನೋಮೀಟರಿನ ಬೆಳಕು ಬೇಕು. ಅದು ಮೆಲನಿನ್‌ಗೆ ಜಾಸ್ತಿ ತಾಗುತ್ತದೆ. ಹಸಿರು, ನೀಲಿ ಬಣ್ಣ ಹಟಮಾರಿಗಳು, ಅವಕ್ಕೆ ಬೇರೆಯೇ ಲೇಸರ್ ಬೇಕು. ಬಿಳಿ ಮತ್ತು ಚರ್ಮದ ಬಣ್ಣದ ಇಂಕ್ ಇದ್ದರಂತೂ ಲೇಸರ್ ಬಿದ್ದ ಕೂಡಲೇ ಕಪ್ಪಾಗುವುದೂ ಉಂಟು. ನಮ್ಮ ಹುಡುಗನಿಗೆ ಡಾಕ್ಟರ್ ಹೇಳಿದ್ದು, "ಹೆಸರು ತೆಗೆಯೋಣ, ಹಾರ್ಟ್ ಸದ್ಯಕ್ಕೆ ಇರಲಿ." ಅವನಿಗೆ ಅದು ಅರ್ಥ ಆಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹೆಸರಿಲ್ಲದ ಹಾರ್ಟ್ ಇಟ್ಟುಕೊಂಡು ಮದುವೆ ಮನೆಯಲ್ಲಿ ಏನು ಹೇಳೋದು ಅಂತ. ಹೆಂಡತಿಗೆ ಅಂತ ಹೇಳು ಮಾರಾಯ, ಇನ್ನೇನು!

ಈಗ ಮುಚ್ಚಿಸುವ ವಿಷಯ. ಕವರ್-ಅಪ್. ಒಂದೇ ದಿನದಲ್ಲಿ ಮುಗಿಯುತ್ತದೆ ಅನ್ನುವುದೇ ಅದರ ದೊಡ್ಡ ಆಕರ್ಷಣೆ. ಬೆಳಿಗ್ಗೆ ಹೋದರೆ ಸಂಜೆಗೆ ಹೆಸರಿನ ಜಾಗದಲ್ಲಿ ಗರುಡ. ನಾನು ಕವರ್-ಅಪ್ ವಿರೋಧಿ ಏನಲ್ಲ. ಒಳ್ಳೆ ಕಲಾವಿದರ ಕೈಯಲ್ಲಿ ಅದು ನಿಜಕ್ಕೂ ಚಮತ್ಕಾರ. ಆದರೆ ಆ ಗರುಡ ಎಷ್ಟು ದೊಡ್ಡದು ಅಂತ ಯಾರೂ ಮೊದಲು ಕೇಳುವುದಿಲ್ಲ. ಹಳೇ ಹಚ್ಚೆಗಿಂತ ಹೊಸದು ಎರಡು ಮೂರು ಪಟ್ಟು ದೊಡ್ಡದಾಗಬೇಕು. ಅದಕ್ಕಿಂತ ಕಪ್ಪಾಗಿಯೂ ಇರಬೇಕು. ಚರ್ಮ ಗೋಡೆಯ ಹಾಗಲ್ಲ, ಕಪ್ಪಿನ ಮೇಲೆ ತಿಳಿ ಬಣ್ಣ ಬಳಿದರೆ ಮುಚ್ಚುವುದಿಲ್ಲ. ಹಳೇ ಬಣ್ಣ ಮತ್ತು ಹೊಸ ಬಣ್ಣ ಒಂದೇ ಪದರದಲ್ಲಿ ಬೆರೆತು ಕೂರುತ್ತವೆ. ಎರಡು ಇಂಚಿನ ಹೆಸರು ಮುಚ್ಚಲು ಹೋಗಿ ಅರ್ಧ ಕೈ ಕಪ್ಪು ಮಾಡಿಕೊಂಡವರನ್ನು ನೋಡಿದ್ದೇನೆ.

ಸ್ಟುಡಿಯೋದಲ್ಲಿ ಒಬ್ಬ ಕಲಾವಿದ ತುಂಬ ಚೆನ್ನಾಗಿ ಬಿಡಿಸಿ ಹೇಳಿದ. ನೇರ ಗೆರೆಯ ಡಿಸೈನ್, ಮಂಡಲ, ಇವುಗಳಿಂದ ಹಳೇದು ಮುಚ್ಚುವುದು ಕಷ್ಟವಂತೆ. ಹಳೇ ಗೆರೆ ಮಧ್ಯೆ ಇಣುಕುತ್ತದೆ. ಗರಿ, ಎಲೆ, ದಳ, ಮೀನಿನ ಹುರುಪೆ, ಇಂಥವು ಒಳ್ಳೆಯದು. ಅವುಗಳಲ್ಲಿ ನೆರಳು ಇರುತ್ತದೆ, ಆ ನೆರಳಿನೊಳಗೆ ಅಕ್ಷರವನ್ನು ಅಡಗಿಸಬಹುದು. ನಮ್ಮ ಹುಡುಗನ ಕೈ ಹಿಡಿದು ಹೆಬ್ಬೆರಳಿನಲ್ಲಿ ಅಕ್ಷರಗಳ ಮೇಲೆ ಸವರಿದ. "ಇಲ್ಲಿ ಉಬ್ಬಿದೆ ಬ್ರದರ್, ಜಾತ್ರೆಯವನು ಆಳಕ್ಕೆ ಚುಚ್ಚಿದ್ದಾನೆ. ಬಣ್ಣ ನಾನು ಮುಚ್ಚುತ್ತೀನಿ, ಉಬ್ಬು ಮುಚ್ಚೋಕೆ ಆಗಲ್ಲ. ಸೈಡಿಂದ ಲೈಟ್ ಬಿದ್ರೆ ಹೆಸರು ಓದಬಹುದು." ಆ ಮಾತಿಗೆ ಅವನಿಗೆ ಒಂದು ಗಿರಾಕಿ ಹೋಯಿತು. ಆದರೂ ಹೇಳಿದ. ಇಂಥವರು ಸಿಕ್ಕರೆ ಬಿಡಬೇಡಿ. ಬೇರೊಂದು ಕಡೆ ಹತ್ತೇ ನಿಮಿಷದಲ್ಲಿ ಡಿಸೈನ್ ತೋರಿಸಿ, ಅಡ್ವಾನ್ಸ್ ಕೇಳಿ, "ಇವತ್ತೇ ಕೂತ್ಕೊಳ್ಳಿ ಸಾರ್" ಅಂದರು. ಅಲ್ಲಿಂದ ಎದ್ದು ಬಂದೆವು.

ಇನ್ನೊಂದು ಮಾತು ಇಲ್ಲಿ ತುಂಬ ಮುಖ್ಯ. 2009ರಲ್ಲಿ ಕರ್ಬಿ ಮತ್ತು ದೇಸಾಯಿ ಅನ್ನುವ ಅಮೆರಿಕದ ವೈದ್ಯರು, ಜೊತೆಗಾರರೊಂದಿಗೆ, ಒಂದು ಅಳತೆಗೋಲು ಕೊಟ್ಟರು. ಒಂದು ಹಚ್ಚೆ ತೆಗೆಯಲು ಎಷ್ಟು ಸಿಟ್ಟಿಂಗ್ ಬೇಕಾಗಬಹುದು ಅಂತ ಅಂದಾಜು ಮಾಡಲು. ಚರ್ಮದ ಬಣ್ಣ, ಹಚ್ಚೆ ಇರುವ ಜಾಗ, ಇಂಕಿನ ಬಣ್ಣ, ಇಂಕ್ ಎಷ್ಟಿದೆ, ಗಾಯದ ಗುರುತು ಎಷ್ಟಿದೆ ಅಂತ ಒಂದೊಂದಕ್ಕೂ ಅಂಕ. ಕೊನೆಯ ಅಂಶ, ಒಂದರ ಮೇಲೊಂದು ಹಚ್ಚೆ ಇದೆಯಾ ಅನ್ನುವುದು. ಅಂದರೆ ಈಗ ಅವಸರಕ್ಕೆ ಮುಚ್ಚಿಸಿ, ಮುಂದೆ ಆ ಗರುಡವೂ ಬೇಡ ಅನಿಸಿದರೆ, ತೆಗೆಯುವುದು ಮೊದಲಿಗಿಂತ ಕಷ್ಟ. ಇಂಕ್ ಜಾಸ್ತಿ, ಬಣ್ಣ ಜಾಸ್ತಿ, ಜಾಗ ಜಾಸ್ತಿ. ಅದೇ ಎರಡು ಮೂರು ಸಿಟ್ಟಿಂಗ್ ಲೇಸರ್ ಮಾಡಿಸಿ ಹಳೇದನ್ನು ಮಸುಕು ಮಾಡಿಕೊಂಡು ಆಮೇಲೆ ಮುಚ್ಚಿಸಿದರೆ? ಹೊಸ ಡಿಸೈನ್ ಚಿಕ್ಕದಾಗಬಹುದು, ಕಡು ಕಪ್ಪೇ ಆಗಬೇಕು ಅಂತಿಲ್ಲ, ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲು ಅವಕಾಶ ಸಿಗುತ್ತದೆ. ಪೂರ್ತಿ ತೆಗೆಸುವ ಖರ್ಚೂ ಉಳಿಯುತ್ತದೆ. ತೆಗೆಸೋದಾ ಮುಚ್ಚಿಸೋದಾ ಅಂತ ಕೇಳುವವರಲ್ಲಿ ತುಂಬ ಜನಕ್ಕೆ ನನ್ನ ಉತ್ತರ ಇದೇ: ಅರ್ಧ ತೆಗೆಸಿ, ಆಮೇಲೆ ಮುಚ್ಚಿಸಿ. ಆದರೆ ಇದಕ್ಕೆ ಒಂದು ವರ್ಷದ ತಾಳ್ಮೆ ಬೇಕು. ಮುಹೂರ್ತ ಇಟ್ಟುಕೊಂಡು ಬಂದವರಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ.

ಅಂದ ಹಾಗೆ, ರಕ್ತದಾನ ಮಾಡುವ ಅಭ್ಯಾಸ ಇರುವವರು ಗಮನಿಸಿ. ಹೊಸ ಹಚ್ಚೆ ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತ ಕೊಡುವ ಹಾಗಿಲ್ಲ. ಕವರ್-ಅಪ್ ಕೂಡ ಹೊಸ ಹಚ್ಚೆಯೇ.

ಹಾಗಾದರೆ ಮದುವೆ ದಿನಕ್ಕೆ ಏನು ಮಾಡೋದು? ಮೇಕಪ್ ಸ್ವಾಮಿ. ಒಂದು ದಿನದ ಸಮಸ್ಯೆಗೆ ಒಂದು ದಿನದ ಪರಿಹಾರ. ಕಪ್ಪು-ನೀಲಿ ಕಾಣುವ ಹಚ್ಚೆ ಮೇಲೆ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್, ಅದರ ಮೇಲೆ ಚರ್ಮಕ್ಕೆ ಹೊಂದುವ ಕನ್ಸೀಲರ್, ಮೇಲೆ ಪೌಡರ್. ಮದುಮಗಳಿಗೆ ಮೇಕಪ್ ಮಾಡಲು ಬಂದವರಿಗೆ ಇದು ಐದು ನಿಮಿಷದ ಕೆಲಸ. ಹುಡುಗಿಯರಿಗಾದರೆ ಮೆಹಂದಿ ಇದ್ದೇ ಇದೆ. ನಮ್ಮ ಹುಡುಗ ಅಷ್ಟೆಲ್ಲ ಮಾಡಲೇ ಇಲ್ಲ. ಮದುವೆಯಾಗುವ ಹುಡುಗಿಗೆ ವಿಷಯ ಹೇಳಲು ಎರಡು ವಾರ ಒದ್ದಾಡಿ, ಕೊನೆಗೆ ಫೋನ್ ಮಾಡಿ ಹೇಳಿದ. ಅವಳು ಇನ್‌ಸ್ಟಾಗ್ರಾಂನಲ್ಲಿ ಅವನ ಹಳೇ ಫೋಟೋ ನೋಡಿ, ಹೆಸರನ್ನು ದೊಡ್ಡದು ಮಾಡಿ ಓದಿ, ನಿಶ್ಚಿತಾರ್ಥಕ್ಕೆ ಮುಂಚೆಯೇ ತಿಳಿದುಕೊಂಡಿದ್ದಳಂತೆ!

ಇದೇ ಜಾಗದಲ್ಲಿ ಒಬ್ಬ ಹುಡುಗಿ ಇದ್ದಿದ್ದರೆ ಕಥೆ ಇಷ್ಟು ಹಗುರವಾಗಿ ಮುಗಿಯುತ್ತಿರಲಿಲ್ಲ ಅನ್ನುವುದೂ ನಿಜ. ಕ್ಲಿನಿಕ್‌ನ ಹೊರಗೆ ಕಾಯುತ್ತಾ ಕೂತಿದ್ದಾಗ ಅದನ್ನು ನೋಡಿದೆ. ಹುಡುಗರು ಗೆಳೆಯರ ಜೊತೆ ನಗಾಡುತ್ತಾ ಬರುತ್ತಾರೆ. ಹುಡುಗಿಯರು ಅಮ್ಮನ ಜೊತೆ, ಇಲ್ಲವೇ ಯಾರಿಗೂ ಹೇಳದೆ ಒಬ್ಬರೇ ಬರುತ್ತಾರೆ. ಒಂದು ಹುಡುಗಿ ದುಪಟ್ಟಾದಲ್ಲಿ ಮುಂಗೈ ಸುತ್ತಿಕೊಂಡೇ ಕೂತಿದ್ದಳು. ಅವಳಿಗೆ "ಮದುವೆ ಆದಮೇಲೆ ನಿಧಾನವಾಗಿ ತೆಗೆಸಮ್ಮ" ಅನ್ನುವ ನನ್ನ ಉಪದೇಶ ಎಷ್ಟು ಉಪಯೋಗಕ್ಕೆ ಬರುತ್ತದೋ. ಅವಳಿಗೆ ಪಂಚಾಂಗ ಪಕ್ಕಕ್ಕಿಡು ಅಂತ ಹೇಳುವ ಮೊದಲು ಅವಳ ಮನೆಯವರಿಗೆ, ಹುಡುಗನ ಮನೆಯವರಿಗೆ ಹೇಳಬೇಕು.

ನಿಜವಾಗಲೂ ಕ್ಯಾಲೆಂಡರ್ ಪಕ್ಕಕ್ಕಿಡಲು ಆಗದವರು ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು. ಸೇನೆಗೆ ಸೇರುವವರಿಗೆ ಹಚ್ಚೆ ಎಲ್ಲಿರಬಹುದು ಅಂತ ನಿಯಮವೇ ಇದೆ: ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗ, ಮತ್ತೆ ಅಂಗೈಯ ಹಿಂಭಾಗ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿ ನೋಡಿ ವಿನಾಯಿತಿ ಇದೆ. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಇನ್ನೂ ಬಿಗಿ. ಮುಂಗೈ ಒಳಭಾಗದಲ್ಲಿದ್ದರೆ ಎಡಗೈ ಮಾತ್ರ, ಯಾಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಅಳತೆಯೂ ಆ ಭಾಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಈಗ ಯೋಚಿಸಿ, ಹೆಸರು ಮುಚ್ಚಿಸಲು ದೊಡ್ಡ ಗರುಡ ಹಾಕಿಸಿಕೊಂಡವನು ಈ ಕಾಲು ಭಾಗದ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತಾನೆ? ಬಲಗೈ ಹಿಂಭಾಗದ ಹಚ್ಚೆಯಿಂದಾಗಿ ತಿರಸ್ಕೃತನಾದ ಒಬ್ಬ ಅಭ್ಯರ್ಥಿಗೆ, ಅದನ್ನು ತೆಗೆಸಿಕೊಂಡು ಮತ್ತೆ ವೈದ್ಯಕೀಯ ಪರೀಕ್ಷೆಗೆ ಬರಲು 2022ರಲ್ಲಿ ದೆಹಲಿ ಹೈಕೋರ್ಟ್ ಅವಕಾಶ ಕೊಟ್ಟಿತ್ತು. ಎಲ್ಲರಿಗೂ ಕೋರ್ಟಿಗೆ ಹೋಗಲು ಆಗುತ್ತದಾ? ಯೂನಿಫಾರ್ಮ್ ಆಸೆ ಇರುವ ತಮ್ಮಂದಿರು ಪಿಯುಸಿಯಲ್ಲಿದ್ದಾಗಲೇ ಲೇಸರ್ ಬಗ್ಗೆ ವಿಚಾರಿಸಲಿ. ಇವರ ಮಟ್ಟಿಗೆ ಮುಚ್ಚಿಸುವ ಮಾತೇ ಬೇಡ.

ಮನೆಮದ್ದಿನ ಬಗ್ಗೆ ಜಾಸ್ತಿ ಬರೆಯಲು ಇಷ್ಟ ಇಲ್ಲ. ಎಕ್ಕದ ಹಾಲು, ಸುಣ್ಣ-ಸೋಡಾ, ಗೇರೆಣ್ಣೆ, ಉಪ್ಪು ಹಾಕಿ ಉಜ್ಜುವುದು. ಇವೆಲ್ಲ ಮಾಡುವುದು ಒಂದೇ ಕೆಲಸ, ಚರ್ಮ ಸುಡುವುದು ಅಥವಾ ಕೆರೆಯುವುದು. ಹೆಸರು ಹೋಗುತ್ತದೋ ಇಲ್ಲವೋ, ಕಲೆ ಮಾತ್ರ ಗ್ಯಾರಂಟಿ. ಆನ್‌ಲೈನ್‌ನಲ್ಲಿ ಸಿಗುವ ಕ್ರೀಮ್ ಹಚ್ಚೆ ಇರುವ ಆಳಕ್ಕೆ ಇಳಿಯುವುದೇ ಇಲ್ಲ. ಇಳಿಯುವಷ್ಟು ಖಾರ ಇದ್ದರೆ ಅದು ಆಸಿಡ್. ಕೆಲಾಯ್ಡ್ ಆಗುವ ಮೈ ಇದ್ದರೆ, ಅಂದರೆ ಸಣ್ಣ ಗಾಯವೂ ಗಂಟಿನಂತೆ ಬೆಳೆಯುವ ಗುಣ ಇದ್ದರೆ, ಇನ್ನೂ ಹುಷಾರು. ಅವರು ಲೇಸರ್‌ಗೂ ಕವರ್-ಅಪ್‌ಗೂ ಮೊದಲು ಚರ್ಮದ ಡಾಕ್ಟರನ್ನೇ ನೋಡಬೇಕು.

ಲೇಸರ್ ಕ್ಲಿನಿಕ್‌ನಲ್ಲಿ ಬರೀ ಪ್ರೇಮಿಗಳ ಹೆಸರೇ ಇರುತ್ತದೆ ಅಂದುಕೊಂಡಿದ್ದೆ. ಹಣೆ ಮತ್ತು ಗಲ್ಲದ ಮೇಲಿನ ಹಳೇ ಹಚ್ಚೆ ತೆಗೆಸಲು ಬರುವ ಹೆಂಗಸರೂ ಬೇಕಾದಷ್ಟು ಜನ ಅಂತ ಡಾಕ್ಟರ್ ಹೇಳಿದಾಗ ನನ್ನ ದೊಡ್ಡಮ್ಮ ನೆನಪಾದರು. ಗಲ್ಲದ ಮೇಲೆ ಮೂರು ಚುಕ್ಕೆ, ಮುಂಗೈ ಮೇಲೆ ತುಳಸಿಕಟ್ಟೆ. ಚಿಕ್ಕವಳಿದ್ದಾಗ ಊರಿಗೆ ಬಂದ ಕೊರವರ ಹೆಂಗಸು ಜಗಲಿ ಮೇಲೆ ಕೂತು, ಹಾಡು ಹೇಳುತ್ತಾ, ಸೂಜಿಯಲ್ಲಿ ದೀಪದ ಕಾಡಿಗೆ ಅದ್ದಿ ಚುಚ್ಚಿದ್ದು. ಒಲ್ಲೆ ಅಂತ ಅಳುತ್ತಿದ್ದವಳನ್ನು ಇಬ್ಬರು ಹಿಡಿದುಕೊಂಡಿದ್ದರಂತೆ. ಸತ್ತಾಗ ಚಿನ್ನ ಬರಲ್ಲ, ಹಚ್ಚೆ ಮಾತ್ರ ಜೊತೆಗೆ ಬರುತ್ತೆ ಅನ್ನುವುದು ಆಗಿನ ನಂಬಿಕೆ. ಮದುವೆಯಾಗಿ ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಆಫೀಸಿನಲ್ಲಿ ಯಾರೋ "ಹಳ್ಳಿ ಗುಗ್ಗು" ಅಂದರು. ಅಂದಿನಿಂದ ಮಾತಾಡುವಾಗ ಗಲ್ಲದ ಮೇಲೆ ಕೈ ಇಟ್ಟುಕೊಳ್ಳುವುದು ಅವರಿಗೆ ರೂಢಿಯಾಯಿತು. ಇವತ್ತಿಗೂ ಹಾಗೇ ಇಟ್ಟುಕೊಳ್ಳುತ್ತಾರೆ.

ಅದನ್ನು ಅವರು ಕೇಳಿ ಹಾಕಿಸಿಕೊಂಡದ್ದಲ್ಲ. ಅವರಿಗೆ ಬೇಡ ಅನಿಸಿದರೆ ತೆಗೆಸಬೇಕು, ಅಷ್ಟೇ. "ಅಯ್ಯೋ ನಮ್ಮ ಸಂಸ್ಕೃತಿ, ಎಷ್ಟು ಚೆನ್ನಾಗಿದೆ" ಅಂತ ಫೋಟೋ ತೆಗೆಯುವ ನಮ್ಮಂಥವರ ಮಾತು ಅಲ್ಲಿ ನಡೆಯಬಾರದು. ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಆ ಹಳೇ ಹಚ್ಚೆ ನೋಡಲು ಹಸಿರು ಕಂಡರೂ ಒಳಗಿರುವುದು ಬರೀ ಮಸಿ. ಆಳದಲ್ಲಿರುವ ಕಪ್ಪು ಮಸಿ, ಮೇಲಿನ ಚರ್ಮದ ಮೂಲಕ ನೋಡುವಾಗ ಹಾಗೆ ಕಾಣುತ್ತದೆ. ಮಸಿ ಲೇಸರ್‌ಗೆ ಬೇಗ ಬಗ್ಗುತ್ತದೆ. ಇಂಕೂ ಕಡಿಮೆ. ಹಾಗಾಗಿ ಕಾಸ್ಟ್ಲಿ ಸ್ಟುಡಿಯೋದ ಬಣ್ಣ ಬಣ್ಣದ ಹಚ್ಚೆಗಿಂತ ಕೊರವಂಜಿ ಹಾಕಿದ್ದು ಸಾಮಾನ್ಯವಾಗಿ ಕಡಿಮೆ ಸಿಟ್ಟಿಂಗ್‌ನಲ್ಲಿ ಹೋಗುತ್ತದೆ. ಮುಖವೂ ಒಳ್ಳೆ ಜಾಗ, ರಕ್ತದ ಓಡಾಟ ಚೆನ್ನಾಗಿರುತ್ತದೆ. ಕಾಲು, ಬೆರಳಿನದ್ದು ನಿಧಾನ. ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. "ಈ ವಯಸ್ಸಲ್ಲಿ ಯಾತಕ್ಕೆ" ಅಂದರು. ಆಮೇಲೆ ಎಷ್ಟಾಗುತ್ತೆ ಅಂತ ಕೇಳಿದರು.

ಅಪ್ಪು ಹಚ್ಚೆ ಬಗ್ಗೆಯೂ ಒಂದು ಮಾತು ಹೇಳಬೇಕು, ಬೈಯಬೇಡಿ. 2021ರ ಅಕ್ಟೋಬರ್ 29ರ ನಂತರ ಎಷ್ಟೋ ಅಭಿಮಾನಿಗಳು ಎದೆ ಮೇಲೆ, ತೋಳಿನ ಮೇಲೆ ಪುನೀತ್ ಮುಖ ಹಾಕಿಸಿಕೊಂಡರು. ಪ್ರೀತಿಯಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೆ ಕೆಲವು ಮುಖ ಅಪ್ಪು ಥರ ಇಲ್ಲ, ಅಷ್ಟೇ. ಇವರಿಗೆ ಬೇಜಾರಿರುವುದು ಹಚ್ಚೆಯ ಬಗ್ಗೆ ಅಲ್ಲ, ಹಚ್ಚೆ ಬರೆದ ಕೈಯ ಬಗ್ಗೆ. ಇವರು ತೆಗೆಸುವುದೂ ಬೇಡ, ಮುಚ್ಚಿಸುವುದೂ ಬೇಡ. ಮುಖಚಿತ್ರದಲ್ಲಿ ಪಳಗಿದ ಕಲಾವಿದರ ಹತ್ತಿರ ಹೋದರೆ ಕಣ್ಣು, ಮೂಗಿನ ನೆರಳು, ತುಟಿಯ ಅಂಚು ತಿದ್ದಿ ಸುಮಾರು ಮಟ್ಟಿಗೆ ಸರಿ ಮಾಡುತ್ತಾರೆ. ರೀವರ್ಕ್ ಅನ್ನುತ್ತಾರೆ. ಖರ್ಚೂ ಕಡಿಮೆ.

ಏನೂ ಮಾಡದೆ ಬಿಡುವುದನ್ನೂ ನಾನು ಒಂದು ದಾರಿ ಅಂತಲೇ ಲೆಕ್ಕ ಹಾಕುತ್ತೇನೆ. ಬೆನ್ನ ಮೇಲಿನ ಹಚ್ಚೆ ನಿಮಗೇ ಕಾಣುವುದಿಲ್ಲ, ನೌಕರಿಗೆ ಅಡ್ಡ ಇಲ್ಲ, ಗಂಡನಿಗೋ ಹೆಂಡತಿಗೋ ತಕರಾರಿಲ್ಲ ಅಂದರೆ ಅಷ್ಟು ದುಡ್ಡು ಯಾಕೆ ಸುರಿಯಬೇಕು? ಬೇಡ ಅನಿಸಿದ ಮರುದಿನವೇ ಓಡಬೇಡಿ. ಆದರೆ ಕನ್ನಡಿ ನೋಡುವಾಗೆಲ್ಲ ಚುಚ್ಚುತ್ತಿದ್ದರೆ, ಅಥವಾ ಆ ಹೆಸರಿನ ಜೊತೆ ಹೊಡೆತ ಬಡಿತದ ನೆನಪು ಇದ್ದರೆ, ಯಾರಿಗೂ ವಿವರಣೆ ಕೊಡದೆ ತೆಗೆಸಿ. ಅಲ್ಲಿ ಮುಚ್ಚಿಸುವುದು ಸಾಲದು. ಮೇಲೆ ಏನೇ ಬರೆಸಿದರೂ ಕೆಳಗೆ ಏನಿದೆ ಅಂತ ನಿಮಗೆ ಗೊತ್ತಿರುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಒಂದು ಸಿಟ್ಟಿಂಗ್ ರೇಟ್ ಕೇಳಿ ಸಮಾಧಾನ ಆಗಬೇಡಿ. ಒಟ್ಟು ಎಷ್ಟು ಬೇಕಾಗಬಹುದು ಕೇಳಿ. "ಮೂರೇ ಸಿಟ್ಟಿಂಗ್, ಫುಲ್ ಕ್ಲಿಯರ್, ಗ್ಯಾರಂಟಿ" ಅನ್ನುವ ಪ್ಯಾಕೇಜ್ ಕಂಡರೆ ದೂರ ಇರಿ. ಕೈಯಲ್ಲಿ ಮೆಷಿನ್ ಹಿಡಿಯುವವರು ಚರ್ಮದ ಡಾಕ್ಟರಾ, ಅಲ್ಲ ಪಾರ್ಲರಿನವರಾ ನೋಡಿ. ಕೆಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲೂ ಲೇಸರ್ ಇರುತ್ತದೆ, ಅಲ್ಲಿ ವಿಚಾರಿಸಿ. ಮೊದಲು ಒಂದು ಮೂಲೆಯಲ್ಲಿ ಸ್ವಲ್ಪ ಜಾಗಕ್ಕೆ ಹೊಡೆಸಿ, ಕೆಲವು ವಾರ ಕಾದು, ಚರ್ಮ ಹೇಗೆ ತಗೊಳ್ಳುತ್ತೆ ನೋಡಿ ಮುಂದುವರಿಯಿರಿ. ಆಮೇಲೆ ಬಿಸಿಲು ಬೀಳದಂತೆ ನೋಡಿಕೊಳ್ಳುವುದು, ಗುಳ್ಳೆ ಎದ್ದರೆ ಒಡೆಯದೆ ಬಿಡುವುದು ನಿಮ್ಮ ಕೆಲಸ. ಕವರ್-ಅಪ್‌ಗೆ ಹೋಗುವವರು ಅವತ್ತೇ ತೆಗೆದ ಹೊಳೆಯುವ ಫೋಟೋ ನೋಡಿ ಮರುಳಾಗಬೇಡಿ. ಒಂದು ವರ್ಷ ಆದಮೇಲಿನ ಫೋಟೋ ಕೇಳಿ. ಅದೂ ನಮ್ಮಂಥ ಚರ್ಮದವರದ್ದು.

ನಮ್ಮ ಹುಡುಗನ ಮದುವೆ ಮುಗಿಯಿತು. ಸಿಟ್ಟಿಂಗ್ ಇನ್ನೂ ನಡೆಯುತ್ತಿವೆ. ಮೊದಲ ಎರಡು ಅಕ್ಷರ ಹೆಚ್ಚು ಕಡಿಮೆ ಹೋಗಿವೆ. ಆ ಓಡಿಹೋದ ದೀರ್ಘ ಮಾತ್ರ ಹಟ ಹಿಡಿದು ಕೂತಿದೆ, ಅಲ್ಲೇ ಆಳಕ್ಕೆ ಚುಚ್ಚಿದ್ದು. ಅದರ ಪಕ್ಕ ಒಂದು ಕಡೆ ಚರ್ಮ ಬೆಳ್ಳಗಾಗಿದೆ. ಡಾಕ್ಟರ್ ಕಾಯೋಣ ಅಂದಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಲೇಸರ್ ಆದಮೇಲೆ ಹೀಗೆ ಬಿಳಿ ಉಳಿದು ಮತ್ತೆ ಬಣ್ಣ ತುಂಬಿದ್ದರೆ, ಎಷ್ಟು ತಿಂಗಳು ಹಿಡಿಯಿತು ಅಂತ ಕೆಳಗೆ ಬರೆಯಿರಿ. ಅವನೂ ಓದುತ್ತಾನೆ, ಅವನ ಹೆಂಡತಿಯೂ ಓದುತ್ತಾಳೆ. ಹೆಸರು ಯಾವುದು ಅಂತ ಮಾತ್ರ ಕೇಳಬೇಡಿ.